ದೊಡ್ಡತ್ತೆಯ ಒಡಪೂ ನನ್ನ ಎಸ್ಕೇಪ್ ಕೀಲಿಯೂ

ನನ್ನ ಕೈಗಳ ಬಗ್ಗೆ ನನಗೆ ಮೊದಲಿನಿಂದಲೂ ಒಂದಿಷ್ಟು ಜಂಬ. ಬಡಿಯುತ್ತಿರುವ ರೊಟ್ಟಿಯ ಕಡೆ ನೋಡದೆಯೇ ಪಕ್ಕದ ಮನೆಯ ಸುದ್ದಿಯನ್ನು ಪೂರ್ತಿ ಕೇಳಬಲ್ಲೆ, ಕೇಳುತ್ತಲೇ ಹಂಚಿನ ಮೇಲಿನದನ್ನು ತಿರುವಬಲ್ಲೆ. ರೊಟ್ಟಿಯೂ ಸೀಯುವುದಿಲ್ಲ, ಸುದ್ದಿಯೂ ತಪ್ಪುವುದಿಲ್ಲ. ಕೈ ಒಂದು ಕಡೆ, ಕಿವಿ ಒಂದು ಕಡೆ ಇಟ್ಟುಕೊಂಡೇ ಇಷ್ಟು ವರ್ಷ ಸಂಸಾರ ಮಾಡಿದವಳು ನಾನು. ಅಂಥವಳು ಐವತ್ತರ ಹತ್ತಿರ ಬಂದಮೇಲೆ ಒಂದು ಕೀಲಿಮಣೆಯ ಮುಂದೆ ಕೂತು ಎರಡೂ ಕಿವಿಗಳನ್ನು ಬೆರಳಿಗೆ ಒಪ್ಪಿಸಿಬಿಟ್ಟೆ. ಅದರ ಕಥೆ ಹೇಳಿಕೊಳ್ಳಲು ನಾಚಿಕೆ. ಹೇಳದಿದ್ದರೆ ನಿದ್ದೆ ಹತ್ತುವುದಿಲ್ಲ.

ಗಡಿಯಾಚೆ ಮಹಾರಾಷ್ಟ್ರದಲ್ಲಿರುವ ನಮ್ಮ ತಿಕೋಂಡಿಯ ಮಹಿಳಾ ಮಂಡಳದ ಬರೆಯುವ ಕೆಲಸವೆಲ್ಲ ನನ್ನದು. ಸಭೆಗೆ ಯಾರು ಬಂದರು, ಯಾರು ಬರುತ್ತೇನೆಂದು ಬರಲಿಲ್ಲ, ಚಹಾಕ್ಕೆ ಯಾರ ಮನೆಯ ಹಾಲು, ಎಲ್ಲವೂ ನನ್ನ ವಹಿಯಲ್ಲಿರುತ್ತದೆ. ಮಂಡಳದವರು ಒಮ್ಮೆ ಒಡಪುಗಳದೊಂದು ಚಿಕ್ಕ ಪುಸ್ತಕ ಮಾಡೋಣವೆಂದರು. ಗಂಡನ ಹೆಸರನ್ನು ಹಾಗೆ ಬಾಯಿಬಿಟ್ಟು ಹೇಳದ ನಮ್ಮ ಹೆಂಗಸರು, ಮದುವೆ ಮನೆಯ ಬಾಗಿಲಲ್ಲಿ ತಡೆದು ನಿಲ್ಲಿಸಿದಾಗ ನಾಲ್ಕು ಸಾಲಿನ ನಡುವೆ ಅಡಗಿಸಿ ಹೇಳುತ್ತಾರಲ್ಲ, ಅದೇ ಒಡಪು. ಈಗಿನ ಸೊಸೆಯರು ಮೊಬೈಲ್ ನೋಡಿಕೊಂಡು ಮರಾಠಿಯವರ ಒಡಪು, ಉಖಾಣೆ, ಓದಿ ಒಳಗೆ ಬಂದುಬಿಡುತ್ತಾರೆ. ನಮ್ಮವು ನಮ್ಮ ಜೊತೆಗೇ ಹೋದಾವೆಂಬ ದಿಗಿಲು. ಬರೆಯುವವಳು ನಾನಿದ್ದೇನಲ್ಲ ಎಂದು ಎಲ್ಲರಿಗಿಂತ ಮೊದಲು ಕೈ ಎತ್ತಿದೆ.

ಜತ್ತದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ಮೈದುನ ಈರಣ್ಣ ಒಂದು ಹಳೆಯ ಕಂಪ್ಯೂಟರ್ ತಂದು ಕೊಟ್ಟ. ಪಾಪ, ಅದಕ್ಕೂ ನನ್ನಷ್ಟೇ ವಯಸ್ಸಾಗಿತ್ತು ಎಂದು ಕಾಣುತ್ತದೆ. ಬಣ್ಣಬಣ್ಣದ ಪರದೆಯ ಭಾರ ತಾಳುತ್ತಿರಲಿಲ್ಲ. ಕಪ್ಪು ಪರದೆ, ಬಿಳಿ ಅಕ್ಷರ, ಅಷ್ಟೇ. “ವೈನಿ, ಇದಕ್ಕ ಮೌಸ್ ಬ್ಯಾಡ್ರಿ. ಎಲ್ಲಾ ಕೀಲಿ ಮ್ಯಾಲೇ ನಡೀತೈತಿ. ಕಲತ್ರಂದ್ರ ಭಾಳ ಚಲೋ ಐತ್ರಿ” ಎಂದು ಕ್ಯಾಲೆಂಡರಿನ ಹಿಂಬದಿಗೆ ಆಜ್ಞೆಗಳನ್ನು ಬರೆದು ಗೋಡೆಗೆ ಅಂಟಿಸಿ ಹೋದ.

ಆ ತಂತ್ರಾಂಶದ ಸ್ವಭಾವ ವಿಚಿತ್ರ. ಅದಕ್ಕೆ ಎರಡು ಅವಸ್ಥೆಗಳು. ಒಂದರಲ್ಲಿ ನೀವು ಒತ್ತಿದ ಅಕ್ಷರ ಅಕ್ಷರವಾಗಿಯೇ ಬೀಳುತ್ತದೆ. ಇನ್ನೊಂದರಲ್ಲಿ ಅದೇ ಅಕ್ಷರ ಆಜ್ಞೆಯಾಗುತ್ತದೆ. ಇಂಗ್ಲಿಷಿನ ‘ಐ’ ಒತ್ತಿದರೆ ಬರೆಯಲು ಅಪ್ಪಣೆ. ಎಡಗಡೆ ಮೂಲೆಯ ಎಸ್ಕೇಪ್ ಒತ್ತಿದರೆ ಬರೆಯುವುದು ಬಂದ್. ಆಗ ‘ಡಿ’ಯನ್ನು ಎರಡು ಸಲ ಒತ್ತಿದರೆ ಇಡೀ ಸಾಲು ಮಾಯ, ‘ಯು’ ಒತ್ತಿದರೆ ಮಾಯವಾದದ್ದು ವಾಪಸು. ಮೊದಲ ಸಲ ಒಳಹೊಕ್ಕವಳಿಗೆ ಹೊರಬರುವ ಆಜ್ಞೆ ನೆನಪಾಗದೆ, ಅದನ್ನು ಎರಡು ದಿನ ಹಾಗೇ ಉರಿಯಬಿಟ್ಟು ಮೇಲೊಂದು ಟವೆಲ್ ಹೊದಿಸಿದ್ದೆ. ಮನೆಯವರು ಕೇಳಿದರೆ “ಧೂಳು ಕೂಡ್ತೈತ್ರಿ” ಎಂದೆ. ಕನ್ನಡದ ಕಥೆ ಬೇರೆಯೇ. ಒತ್ತಕ್ಷರಗಳು ತಾಯಕ್ಷರ ಬಿಟ್ಟು ಪಕ್ಕಕ್ಕೆ ಸರಿದು ಮುನಿಸಿಕೊಂಡವರ ಹಾಗೆ ಕೂರುತ್ತಿದ್ದವು. ಕನ್ನಡ ಅಕ್ಷರ ಅದಕ್ಕೆ ಆಜ್ಞೆಯೂ ಅಲ್ಲ. ಆಜ್ಞೆಯ ಅವಸ್ಥೆಯಲ್ಲಿ ಎಷ್ಟು ಕನ್ನಡ ಕುಟ್ಟಿದರೂ ಕಿವುಡಾಗಿ ಕೂತಿರುತ್ತಿತ್ತು. ಗಾಬರಿಯಾದಾಗೆಲ್ಲ ಎಸ್ಕೇಪ್ ಒತ್ತಿರಿ, ಏನೂ ಕೆಡುವುದಿಲ್ಲ ಎಂದಿದ್ದ ಈರಣ್ಣ. ಆ ಒಂದು ಪಾಠವನ್ನು ಮಾತ್ರ ನಾನು ಚೆನ್ನಾಗಿ ಕಲಿತೆ.

ಮಂಡಳದವರು ಒಬ್ಬೊಬ್ಬರಾಗಿ ಬಂದು ಹೇಳಿದರು. “ಚಹಾಕ್ಕ ಸಕ್ರಿ ಹೆಚ್ಚಾತು, ಚೂಡಾಕ್ಕ ಖಾರ ಹೆಚ್ಚಾತು, ಬಸುರಾಯರ ಮಾತು ಎರಡಕ್ಕಿಂತ ಹೆಚ್ಚಾತು” ಎಂದು ಒಬ್ಬಳು ಹೇಳಿದಾಗ ನಾವೆಲ್ಲ ನಕ್ಕೂ ನಕ್ಕೂ ಸಾಕಾಗಿ, ನನ್ನ ಕೈ ಎಲ್ಲೆಲ್ಲೋ ಬಿದ್ದು, ಅವಳ ಬಸುರಾಯರು ಎರಡು ಸಲ ಅಳಿಸಿಹೋಗಿ ಎರಡು ಸಲ ವಾಪಸು ಬಂದರು.

ಇದನ್ನೆಲ್ಲ ನೋಡುತ್ತ ಕೂರುತ್ತಿದ್ದವರು ನಮ್ಮ ದೊಡ್ಡತ್ತೆ, ನನ್ನ ಮಾವನ ಅಣ್ಣನ ಹೆಂಡತಿ. ಮಧ್ಯಾಹ್ನವಾದರೆ ಪಕ್ಕದ ಮನೆಯಿಂದ ಮೊರದ ತುಂಬ ಶೇಂಗಾ ಹಿಡಿದು ಬರುವರು, ಸುಲಿಯುತ್ತ ನನ್ನನ್ನು ಕಾಡುವರು. “ಏನ ಕಟಕಟ ಮಾಡ್ತೀಯವ್ವಾ, ನಾ ಇಷ್ಟು ಸುಲದ್ನಿ, ನಿಂದು ಎರಡು ಸಾಲೂ ಆಗಿಲ್ಲ!” ದೊಡ್ಡ ಮಾವ ತೀರಿಕೊಂಡು ಎಷ್ಟೋ ವರ್ಷಗಳಾಗಿವೆ. ಅಂಥವರನ್ನು ಯಾರೂ ಬಾಗಿಲಲ್ಲಿ ತಡೆಯುವುದಿಲ್ಲ, ಯಾರೂ ಒಡಪು ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಮೊಬೈಲ್ ಮುಂದೆ ಹಿಡಿದರಂತೂ ಸೆರಗು ಬಾಯಿಗೆ ಒತ್ತಿ ಆ ಕಡೆ ತಿರುಗುವವರು.

ಒಂದು ದಿನ ತಾವಾಗಿಯೇ ಮೊರ ಪಕ್ಕಕ್ಕೆ ಸರಿಸಿದರು. “ಶಾಂತಾ, ನಂದೂ ಒಂದ ಬರಕೋ” ಎಂದರು. “ಕರಿ ಎರಿ ಹೊಲದಾಗ ಬಿಳಿ ಜ್ವಾಳ ತೆನಿ ಹಾಯ್ತ...”

ಮೊದಲ ಸಾಲು ಬರೆದೆ. ಅಷ್ಟರಲ್ಲಿ ನನಗೆ ಹೊಳೆಯಿತು: ಮುಂದೆ ದೊಡ್ಡ ಮಾವನ ಹೆಸರು ಬರುತ್ತದೆ. ಸೊಸೆಯಾದವಳು ಆ ಹೆಸರನ್ನು ಬಾಯಲ್ಲಿ ತರುವ ಹಾಗಿಲ್ಲ. ಬೆರಳಲ್ಲಿ ತರಬಹುದೋ? ಒತ್ತುವುದೆಂದರೆ ಹೇಳಿದಂತೆಯೇ ಆಯಿತೋ? ಗಾಬರಿಯಾಯಿತು. ಗಾಬರಿಯಾದಾಗ ಮಾಡಬೇಕಾದದ್ದು ಗೊತ್ತಿತ್ತಲ್ಲ, ಎಸ್ಕೇಪ್ ಒತ್ತಿದೆ. ಹೆಸರು ಬಂದಾಗ ಜಾಗ ಬಿಟ್ಟರಾಯಿತು, ಈರಣ್ಣನ ಕೈಯಲ್ಲಿ ತುಂಬಿಸಿದರಾಯಿತು ಎಂದು ಸಮಾಧಾನ ಮಾಡಿಕೊಂಡು, ತಲೆ ಬಗ್ಗಿಸಿ, ಒಂದೊಂದೇ ಕೀಲಿ ಹುಡುಕುತ್ತ ಮುಂದಿನ ಮೂರು ಸಾಲು ಕುಟ್ಟಿದೆ. ಅಕ್ಷರ ಅಕ್ಷರವನ್ನೂ ಕುಟ್ಟಿದೆ. ದೊಡ್ಡತ್ತೆ ಹೆಸರು ಹೇಳಿದರು, ಹೇಳಿ ನಕ್ಕರು. ಆ ನಗು ಕೇಳಿ ತಲೆ ಎತ್ತಿದೆ. ಪರದೆಯ ಮೇಲೆ ಒಂದೇ ಸಾಲಿತ್ತು. ಮತ್ತೆ ‘ಐ’ ಒತ್ತಲು ನಾನು ಮರೆತಿದ್ದೆ.

‘ಯು’ ಒತ್ತಿದೆ. ಇದ್ದ ಆ ಒಂದು ಸಾಲೂ ಹೋಯಿತು. ಹೇಗೋ ಅದನ್ನಷ್ಟು ವಾಪಸು ತಂದೆ. ಬರೆದು ಅಳಿಸಿದ್ದನ್ನು ಅದು ತಂದುಕೊಡುತ್ತದೆ. ಬರೆಯದೇ ಇದ್ದದ್ದನ್ನು ಎಲ್ಲಿಂದ ತರಬೇಕು? ಸರಿ, ತಲೆಯಲ್ಲಾದರೂ ಇದ್ದೀತು ಎಂದು ನೆನಪಿಸಿಕೊಂಡರೆ, ನಡುವೆ ಬುತ್ತಿಯ ಮಾತಿತ್ತೋ ಬಂಡಿಯ ಮಾತಿತ್ತೋ ತಿಳಿಯದು; ಯಾವ ಅಕ್ಷರ ಯಾವ ಕೀಲಿಯಲ್ಲಿತ್ತು ಎಂಬುದಷ್ಟೇ ನೆನಪು.

“ದೊಡ್ಡತ್ತಿ, ಇನ್ನೊಮ್ಮೆ ಹೇಳ್ರಿ” ಎಂದೆ.

“ಇನ್ನೊಮ್ಮೆ?” ಅವರ ನಗು ಮೆಲ್ಲಗೆ ಇಳಿಯಿತು. “ಇಲ್ಲೇ ಮುಂದ ಕುಂತಿದ್ದಿಯಲ್ಲ. ಕೇಳಲಿಲ್ಲೇನ ನೀ?”

“ಈ ಕಂಪ್ಯೂಟರ್ ಕೆಟ್ಟೈತ್ರಿ” ಎಂದೆ. ಅವರು ಮೊರ ಎಳೆದುಕೊಂಡರು. ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

ಮರುದಿನ ಕಂಪ್ಯೂಟರಿಗೆ ಟವೆಲ್ ಹೊದಿಸಿ, ಬರಿಗೈಯಲ್ಲಿ ಅವರ ಮನೆಗೇ ಹೋಗಿ ಕೂತೆ. ಚಹಾ ಕೊಟ್ಟರು. ಕೇಳಿದ್ದಕ್ಕೆ, “ಬಿಡವ್ವಾ. ನಿನ್ನೆ ಹೇಳಬೇಕನಿಸ್ತು, ಹೇಳಿದ್ನಿ. ಇವತ್ತು ನೀ ಕೇಳಾಕ ಬಂದಿ ಅಂತ ಹೆಸರ ತಗೊಳ್ಳಾಕ ನಾ ಏನ ಹೊಸಾ ಮದಲಗಿತ್ತಿಯೇನ?” ಎಂದರು. ಅಲ್ಲಿಗೆ ಮುಗಿಯಿತು. ಪುಸ್ತಕ ಬಂದಾಗ ಅವರ ಹೆಸರಿನ ಕೆಳಗೆ ಒಂದೇ ಸಾಲಿತ್ತು. ಈಗ ನನಗೆ ಗೋಡೆಯ ಚೀಟಿ ಬೇಡ. ನಕಲು, ಅಂಟು, ಹುಡುಕು, ಬದಲಿಸು, ಎಲ್ಲ ಆಜ್ಞೆಗಳೂ ಬೆರಳ ತುದಿಯಲ್ಲಿವೆ. ಏನು ಮಾಡುವುದು ಅವುಗಳಿಂದ?

ಆ ದಿನಗಳಲ್ಲೇ, ಕಂಪ್ಯೂಟರ್ ಕೆಟ್ಟಿದೆ ಎಂಬ ನನ್ನ ಮಾತು ಈರಣ್ಣನ ಕಿವಿಗೂ ಬಿದ್ದಿತ್ತು. ಪಾಪ, ಅದನ್ನು ಜತ್ತಕ್ಕೆ ಒಯ್ದು, ಬಿಚ್ಚಿ, ಒರೆಸಿ, ನಾಲ್ಕು ದಿನ ಓಡಿಸಿ ನೋಡಿ ಒಂದು ಮಧ್ಯಾಹ್ನ ವಾಪಸು ತಂದ. ದೊಡ್ಡತ್ತೆ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದರು. “ವೈನಿ, ಇದರಾಗ ಏನೂ ಬಿಘಾಡ ಇಲ್ರಿ. ಅವತ್ತ ಖರೇನ ಏನಾಗಿತ್ತ?” ಎಂದ.

ನಾನು ಬಾಯಿ ತೆರೆಯುವ ಮೊದಲೇ ದೊಡ್ಡತ್ತೆ, ಮೊರದಿಂದ ಕಣ್ಣೆತ್ತದೆ, “ಕೆಟ್ಟಿತ್ತಪಾ ಅವತ್ತ. ನಾ ಇಲ್ಲೇ ಇದ್ನಿ, ನೋಡೀನಿ” ಎಂದರು.

ನನ್ನ ಮಾನ ಉಳಿಸಲೆಂದು ಅವರು ಹೇಳಿದ ಆ ಸುಳ್ಳನ್ನು ಮಾತ್ರ ನಾನು ಒಂದಕ್ಷರವೂ ಬಿಡದೆ ಕೇಳಿಸಿಕೊಂಡೆ.