ವಾಲ್ಟರ್ ಕೊಟ್ಟ ಹಕ್ಕಿಗಳು, ನನ್ನ ಫ್ರೀಜರ್

ಯಾರಾದರೂ ಡಬ್ಬಿಯಲ್ಲಿ ಏನಾದರೂ ಕೊಟ್ಟರೆ ಆ ಡಬ್ಬಿಯನ್ನು ಖಾಲಿ ಹಿಂದಿರುಗಿಸಲು ನಮ್ಮ ಕಡೆಯ ಹೆಂಗಸರಿಗೆ ಕೈ ಬರುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಕುಂದಾಪುರದಲ್ಲಿ ಅಮ್ಮ ಹಾಗೆ ಮಾಡುತ್ತಿದ್ದಳು, ನ್ಯೂಜೆರ್ಸಿಯಲ್ಲಿ ನಾನೂ ಹಾಗೇ ಮಾಡುತ್ತೇನೆ. ಹ್ಯಾರಿಸನ್‌ನಲ್ಲಿರುವ ಗೆಳತಿ ಶೈಲಜಾಳಿಗೂ ನನಗೂ ನಡುವೆ ಒಂದು ಮೊಸರಿನ ಡಬ್ಬಿ ವರ್ಷಗಳಿಂದ ಓಡಾಡುತ್ತಿದೆ. ಉಪ್ಪಿನಕಾಯಿ ಹೋಗುತ್ತದೆ, ಚಕ್ಕುಲಿ ಬರುತ್ತದೆ. ಮೂಲತಃ ಅದು ಯಾರ ಡಬ್ಬಿ ಎಂಬುದು ಇಬ್ಬರಿಗೂ ಮರೆತುಹೋಗಿದೆ. ಇದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ. ಪಕ್ಕದ ಮನೆಯ ವಾಲ್ಟರ್ ಬೇಟೆಗೆ ಹೋಗುವವರಲ್ಲದಿದ್ದರೆ ಮುಂದೆಯೂ ಆಗುತ್ತಿರಲಿಲ್ಲ.

ನಾವು ಪಿಸ್ಕಾಟವೇಯಲ್ಲಿ ಮನೆ ಕೊಂಡಾಗ ಮೊದಲು ಮಾತಾಡಿಸಿದವರು ಇದೇ ವಾಲ್ಟರ್. ಎಪ್ಪತ್ತು ದಾಟಿದ ಅಮೆರಿಕನ್, ಟೆಲಿಫೋನ್ ಕಂಪನಿಯಿಂದ ನಿವೃತ್ತರಾದವರು. ಹೆಂಡತಿ ತೀರಿಹೋದ ಮೇಲೆ ಮನೆಯಲ್ಲಿ ಅವರು ಮತ್ತು ಬೇಟೆನಾಯಿ ಡೇಸಿ, ಇಬ್ಬರೇ. ಹಿಮ ಬಿದ್ದರೆ ತಮ್ಮ ಡ್ರೈವ್‌ವೇ ಜೊತೆಗೆ ನಮ್ಮದನ್ನೂ ತೆರವು ಮಾಡಿಕೊಡುವ ಪುಣ್ಯಾತ್ಮ. ಹೋದ ವರ್ಷ ನವೆಂಬರಿನ ಒಂದು ಬೆಳಿಗ್ಗೆ ನೀಲಿ ಬಣ್ಣದ ಐಸ್ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಒಳಗೆ ಎರಡು ಫೆಸೆಂಟ್. ಅಂದರೆ ಉದ್ದ ಬಾಲದ ಒಂದು ಬಗೆಯ ಕಾಡುಕೋಳಿ. ತಲೆ, ಗರಿ, ಉಗುರು ಎಲ್ಲವೂ ಇದ್ದವು. "ನಿಮ್ಮ ಮನೆಯಿಂದ ಅಡುಗೆಯ ವಾಸನೆ ಎಷ್ಟು ಚೆನ್ನಾಗಿ ಬರುತ್ತೆ. ಇದು ನಿಮಗೇ ಸೇರಬೇಕು" ಎಂದರು ತಮ್ಮ ಇಂಗ್ಲಿಷಿನಲ್ಲಿ.

ನಾನು ಕರಾವಳಿಯವಳು, ಎಂಥ ಮೀನು ಕೊಟ್ಟರೂ ಕಣ್ಣು ಮುಚ್ಚಿ ಹೆಚ್ಚಿಕೊಡುತ್ತೇನೆ. ಆದರೆ ಗರಿ ಇರುವ ಪ್ರಾಣಿಗೂ ನನಗೂ ಆಗಿಬರುವುದಿಲ್ಲ. ಊರಿನಲ್ಲಿ ಅಮ್ಮಮ್ಮ ಹಿತ್ತಲಲ್ಲಿ ಕೋಳಿಯ ಗರಿ ಕಿತ್ತು ಶುಚಿ ಮಾಡುವಾಗ ನಾನು ಮುಂಬಾಗಿಲಲ್ಲಿ ಇರುತ್ತಿದ್ದೆ, ಅದು ತೆಂಗಿನತುರಿ ಮಸಾಲೆಯ ಸುಕ್ಕ ಆದ ಮೇಲೆ ಒಳಗೆ ಬರುತ್ತಿದ್ದೆ. ಇದನ್ನೆಲ್ಲ ವಾಲ್ಟರ್‌ಗೆ ವಿವರಿಸುವುದು ಹೇಗೆ? "ಓಹ್, ವಿ ಲವ್ ಇಟ್" ಎಂದುಬಿಟ್ಟೆ. ಅವರು ಖುಷಿಯಾಗಿ, "ಗ್ಯಾರೇಜಿನ ಚಳಿಯಲ್ಲಿ ಕೆಲವು ದಿನ ಕುತ್ತಿಗೆಗೆ ದಾರ ಕಟ್ಟಿ ತೂಗುಹಾಕಿ, ಮಾಂಸ ಮೆತ್ತಗಾಗುತ್ತೆ, ಬಿಸಿನೀರಿಗೆ ಹಾಕಬೇಡಿ, ಚರ್ಮ ಹರಿಯುತ್ತೆ, ಒಣಗಿದ ಹಾಗೇ ಗರಿ ಕೀಳಿ" ಎಂದೆಲ್ಲ ಪಾಠ ಹೇಳಿ ಹೋದರು.

ನನ್ನ ಗಂಡ ಬಸವರಾಜ ಧಾರವಾಡದವನು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ನಮ್ಮ ಮದುವೆಯ ಕರಾರೇ ಅದು: ಅಡುಗೆಮನೆಯ ಫ್ರಿಜ್ ಅವನದು, ಗ್ಯಾರೇಜಿನ ಫ್ರೀಜರ್ ನನ್ನದು. ಸೈಕಲ್ ನೇತುಹಾಕುವ ಕೊಕ್ಕೆಯಲ್ಲಿ ಹಕ್ಕಿಗಳು ತೂಗುತ್ತಿದ್ದುದನ್ನು ನೋಡಿ ಅವನು ಬಾಗಿಲಲ್ಲೇ ನಿಂತ. "ನೀ ತಗೊಂಡೀ, ನೀನ ನೋಡ್ಕೋ. ಅವು ಹೋಗೂ ತನಕಾ ನಾ ಗ್ಯಾರೇಜಿನಾಗ ಕಾಲಿಡಂಗಿಲ್ಲ" ಎಂದ. ಮಗಳು ನಿಧಿ ಒಮ್ಮೆ ಇಣುಕಿ, "ಅಮ್ಮಾ, ದಿಸ್ ಈಸ್ ಅ ಕ್ರೈಮ್ ಸೀನ್" ಎಂದು ಹೇಳಿ ಹೋಮ್‌ವರ್ಕಿಗೆ ಹೋದಳು. ಶನಿವಾರ ಮೂಗಿಗೆ ದುಪಟ್ಟಾ ಕಟ್ಟಿಕೊಂಡು ಕುಳಿತೆ. ಹಟ ಹಿಡಿದರೆ ನಾನು ಬಿಡುವವಳಲ್ಲ. ಗರಿ ಕಿತ್ತೆ, ಕರುಳು ತೆಗೆದೆ, ಎರಡು ಸಲ ಹೊರಗೆ ಹೋಗಿ ಗಾಳಿ ಕುಡಿದು ಬಂದೆ. ಸೋಮವಾರ ಆಫೀಸಿನ ಮೀಟಿಂಗಿನಲ್ಲಿ ನನ್ನ ಸ್ವೆಟರಿನಿಂದ ಒಂದು ಗರಿ ಎದ್ದು ಮ್ಯಾನೇಜರಿನ ಲ್ಯಾಪ್‌ಟಾಪ್ ಮೇಲೆ ಕುಳಿತಿತು. ಯಾರೂ ಏನೂ ಕೇಳಲಿಲ್ಲ, ಅಮೆರಿಕದವರು ಸಭ್ಯರು.

ಅಷ್ಟೆಲ್ಲ ಮಾಡಿ ಅಂಗಡಿಯ ಕೋಳಿಯ ಹಾಗೆ ಅರ್ಧ ಗಂಟೆಯಲ್ಲಿ ಸುಕ್ಕ ಮಾಡಿದೆ. ಮಸಾಲೆ ಬೊಂಬಾಟಾಗಿತ್ತು, ಮಾಂಸ ಮಾತ್ರ ಹವಾಯಿ ಚಪ್ಪಲಿ. ದವಡೆ ಸೋತು ಮಸಾಲೆಯನ್ನಷ್ಟೇ ಬಳಿದು ತಿಂದೆ. ಮರುದಿನ ವಾಲ್ಟರ್ ಬೇಲಿಯಾಚೆಯಿಂದ ಹೇಗಿತ್ತು ಎಂದು ಕೇಳಿದರು. ಸೂಪರ್ ಆಗಿತ್ತು ಎಂದೆ. ಇನ್ನು ಆ ನೀಲಿ ಪೆಟ್ಟಿಗೆ ಹಿಂದಿರುಗಿಸಬೇಕಲ್ಲ. ತೊಳೆದು, ಒಳಗೆ ಕೋಡುಬಳೆ ತುಂಬಿಸಿ ಕೊಟ್ಟೆ. ಮುಂದಿನ ವಾರ ಪೆಟ್ಟಿಗೆ ಮೂರು ಹಕ್ಕಿಗಳೊಂದಿಗೆ ಬಂತು. ಮೈಸೂರುಪಾಕು ಹಾಕಿ ಕಳಿಸಿದೆ. ಮತ್ತೆ ಹಕ್ಕಿಗಳು ಬಂದವು.

ಕಾಡುಹಕ್ಕಿಯನ್ನು ಸುಮ್ಮನೆ ಫ್ರೀಜರಿಗೆ ಎಸೆದರೆ ಗಾಳಿ ತಾಗಿ ಒಣಗಿಹೋಗುತ್ತದೆ, ನೀರಿನಲ್ಲಿ ಮುಳುಗಿಸಿಯೇ ಹೆಪ್ಪುಗಟ್ಟಿಸಬೇಕು ಎಂದು ವಾಲ್ಟರ್ ಹೇಳಿದ್ದರು. ಮನೆಯಲ್ಲಿದ್ದ ದೊಡ್ಡ ಮೊಸರಿನ ಡಬ್ಬಿಗಳೆಲ್ಲ ಹೊರಬಂದವು. ಒಂದೊಂದು ಹಕ್ಕಿಯೂ ಕಲ್ಲಿನಂಥ ಇಟ್ಟಿಗೆಯಾಗಿ ಫ್ರೀಜರಿನೊಳಗೆ ಗೋಡೆ ಎದ್ದಿತು. ನನ್ನ ಅಂಜಲ್, ಬಂಗುಡೆ ಮೀನು, ತೆಂಗಿನತುರಿ ಯಾವುದಕ್ಕೂ ಜಾಗ ಉಳಿಯಲಿಲ್ಲ. ಅತ್ತೆ ಧಾರವಾಡದಿಂದ ಕಳಿಸಿದ್ದ ಶೇಂಗಾ ಹೋಳಿಗೆಗೆ ಅಡುಗೆಮನೆಯ ಫ್ರಿಜ್ಜಿನಲ್ಲಿ ಜಾಗ ಸಾಲದೆ ಅವನ್ನೂ ಬಿಗಿಯಾಗಿ ಕಟ್ಟಿ ಇದರಲ್ಲೇ ಒಂದು ಮೂಲೆಗೆ ಇಟ್ಟಿದ್ದೆ. ಅವು ಹೊರಗೆ ಬಿದ್ದ ದಿನ ಬಸವರಾಜ ಮಾತಾಡಿದ.

"ಆ ಪೆಟ್ಟಿಗಿ ಖಾಲಿ ಕೊಟ್ಟ ಬಾ. ಅವರಿಗೆ ಏನ್ ತಿಳೀತದ?"

ಸರಿ ಎಂದು ಖಾಲಿ ಪೆಟ್ಟಿಗೆ ಹಿಡಿದು ಹೊರಟೆ. ವಾಲ್ಟರ್ ಮನೆಯ ಮೇಲ್‌ಬಾಕ್ಸ್ ತನಕ ಹೋದೆ. ಅಮ್ಮನ ಮುಖ ಕಣ್ಣೆದುರು ಬಂತು. ವಾಪಸ್ ಬಂದು ಚಕ್ಕುಲಿ ತುಂಬಿಸಿದೆ. ಬಸವರಾಜ ಹಣೆಗೆ ಕೈ ಹಚ್ಚಿಕೊಂಡ.

ಚಕ್ಕುಲಿ ತೆಗೆದುಕೊಂಡ ವಾಲ್ಟರ್ ಅವತ್ತು ಬಾಗಿಲು ಮುಚ್ಚಲಿಲ್ಲ, ಸ್ವಲ್ಪ ಸಂಕೋಚದಿಂದ ನಿಂತರು. ಅವರ ಮಗಳು ಕ್ಯಾರನ್ ಫೋರ್ಟ್ ಲೀಯಲ್ಲಿದ್ದಾಳೆ, ಮ್ಯಾನ್‌ಹ್ಯಾಟನ್‌ಗೆ ಕಮ್ಯೂಟ್ ಮಾಡುತ್ತಾಳೆ. ತಾಯಿ ತೀರಿಕೊಂಡ ಮೇಲೆ ಇಲ್ಲಿಗೆ ಬರುವುದೇ ಅಪರೂಪ. "ಬಂದರೂ ಕೋಟು ಬಿಚ್ಚಲ್ಲ, ನಿಂತುಕೊಂಡೇ ಮಾತಾಡಿ ಹೋಗ್ತಾಳೆ. ನಿಮ್ಮ ಫೆಸೆಂಟ್ ಕರಿ ಬಗ್ಗೆ ಹೇಳಿದೆ. ಅದಕ್ಕಾದರೆ ಒಂದು ಶನಿವಾರ ಪೂರ್ತಿ ಇರ್ತೀನಿ ಅಂದಳು. ನಿಮಗೆ ತೊಂದರೆ ಆಗದಿದ್ದರೆ" ಎಂದರು. ಈ ಮನುಷ್ಯ ಮಗಳನ್ನು ಮನೆಯಲ್ಲಿ ಕೂರಿಸಿಕೊಳ್ಳಲು ನಂಬಿದ್ದು ನನ್ನ ಹವಾಯಿ ಚಪ್ಪಲಿಯನ್ನು.

ಅಂದಿನಿಂದ ನಾನು ಮನುಷ್ಯಳಾಗಿರಲಿಲ್ಲ. ಇಟ್ಟಿಗೆಗಳನ್ನು ಒಂದೊಂದಾಗಿ ಕರಗಿಸಿದೆ. ಉಪ್ಪು ನೀರಿನಲ್ಲಿ ನೆನೆಹಾಕಿದ್ದು ಉಪ್ಪಾಯಿತು. ಕುಕ್ಕರಿನಲ್ಲಿ ಕೂಗಿಸಿದ್ದು ನಾರಾಯಿತು. ಆಫೀಸ್ ಕಾಲ್‌ನಲ್ಲಿ ಯಾರೋ ಪ್ರಾಜೆಕ್ಟ್ ಟೈಮ್‌ಲೈನ್ ಕೇಳಿದರೆ ನಾನು ತೊಡೆಯ ನರಗಳನ್ನು ಹೇಗೆ ಎಳೆದು ತೆಗೆಯುವುದೆಂದು ಯೋಚಿಸುತ್ತಿದ್ದೆ. ಕಡೆಗೆ ದಾರಿ ಸಿಕ್ಕಿತು. ಮಜ್ಜಿಗೆ, ಅರಿಶಿನದಲ್ಲಿ ಒಂದು ದಿನ ನೆನೆಯಬೇಕು. ತೊಡೆ ಬೇರೆ, ಎದೆ ಬೇರೆ. ತೊಡೆ ಮೂರು ಗಂಟೆ ಸಣ್ಣ ಉರಿಯಲ್ಲಿ ಬೇಯಬೇಕು, ಎದೆಯ ತುಂಡು ಕೊನೆಗೆ ಬಿದ್ದು ಕೂಡಲೇ ಏಳಬೇಕು. ಬೆರಳಿನಿಂದ ಒತ್ತಿ ಒತ್ತಿ ಗುಂಡಿನ ಚೂರುಗಳನ್ನು ಹುಡುಕಿ ತೆಗೆಯಬೇಕು. ಮಜ್ಜಿಗೆ ಕಡೆದುಕೊಟ್ಟವನು ಬಸವರಾಜ. "ನನ್ನ ಪಾಪದ ಪಾಲು ಇಷ್ಟ" ಎಂದ.

ಗೊತ್ತುಮಾಡಿದ ಶನಿವಾರ ಕ್ಯಾರನ್ ಅಪ್ಪನ ಜೊತೆ ನಮ್ಮ ಮನೆಗೆ ಊಟಕ್ಕೆ ಬಂದಳು. ಒಳಗೆ ಬರುತ್ತಲೇ ಕೋಟು ಬಿಚ್ಚಿದಳು, ನಾನು ಅದನ್ನು ಕೂಡಲೇ ಒಳಗೊಯ್ದು ನೇತುಹಾಕಿದೆ. ನೀರುದೋಸೆ, ಫೆಸೆಂಟ್ ಸುಕ್ಕ, ಬಸವರಾಜನಿಗಾಗಿ ಬದನೆಕಾಯಿ ಎಣ್ಣೆಗಾಯಿ. ಅವಳು ಮೂರು ಸಲ ಬಡಿಸಿಕೊಂಡಳು. ವಾಲ್ಟರ್ ಮಾತ್ರ ಬದನೆಕಾಯಿಯನ್ನೇ ಹಾಕಿಕೊಳ್ಳುತ್ತಿದ್ದರು. ನಾನು ಬಡಿಸಿದ ತೊಡೆಯ ತುಂಡು ತಟ್ಟೆಯ ಈ ಅಂಚಿನಿಂದ ಆ ಅಂಚಿಗೆ ಪ್ರಯಾಣ ಮಾಡುತ್ತಿತ್ತು.

"ಡ್ಯಾಡ್ ಫೆಸೆಂಟ್ ತಿನ್ನಲ್ಲ. ಯಾವತ್ತೂ ತಿಂದಿಲ್ಲ. ಅಮ್ಮ ಬೇಯಿಸಿದರೆ ಹೊರಗೆ ಹೋಗಿ ಕೂತ್ಕೊಳ್ತಿದ್ದರು" ಎಂದಳು ಕ್ಯಾರನ್, ನಗುತ್ತಾ.

ವಾಲ್ಟರ್ ಕಿವಿ ಕೆಂಪಾಯಿತು. ಬೇಟೆಗೆ ಹೋಗುವುದು ಡೇಸಿಗಾಗಿ, ಕರೆದುಕೊಂಡು ಹೋಗದಿದ್ದರೆ ಅದು ಮುನಿಸಿಕೊಳ್ಳುತ್ತದೆ ಎಂದರು. ಸೀಸನ್ನಿಗೆ ಒಂದೆರಡು ಸಲ ಸಾಕಿತ್ತು. "ಆದರೆ ನೀವು ಪ್ರತಿ ಸಲ ಪೆಟ್ಟಿಗೆ ತುಂಬಿಸಿ ಕಳಿಸಿದರೆ ನಾನು ಏನು ಮಾಡಲಿ? ನಿಮಗೆ ಅಷ್ಟು ಇಷ್ಟ ಅಂತ, ಮೊಣಕಾಲು ನೋಯ್ತಾ ಇದ್ದರೂ ಹೋದೆ." ಬಸವರಾಜ ನನ್ನ ಕಡೆ ನೋಡಿದ ನೋಟ ಇಲ್ಲಿ ಬರೆಯುವಂಥದ್ದಲ್ಲ. ನಾನೂ ಬಾಯಿ ಬಿಟ್ಟೆ. ಗರಿಯ ಹೇಸಿಗೆ, ಹವಾಯಿ ಚಪ್ಪಲಿ, ಫ್ರೀಜರಿನ ಗೋಡೆ, ಎಲ್ಲವನ್ನೂ ಹೇಳಿದೆ. ಕ್ಯಾರನ್ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಇನ್ನು ಮುಂದೆ ಹಕ್ಕಿಯೂ ಬೇಡ, ತಿಂಡಿಯೂ ಬೇಡ ಎಂದು ವಾಲ್ಟರೂ ನಾನೂ ಕೈಕುಲುಕಿದೆವು. ಕ್ಯಾರನ್ ಅಂದು ರಾತ್ರಿ ಅಪ್ಪನ ಮನೆಯಲ್ಲೇ ಉಳಿದಳು. ಈಗ ತಿಂಗಳಿಗೊಮ್ಮೆ ಬರುತ್ತಾಳೆ.

ಇಲ್ಲಿಗೆ ಮುಗಿಯಬೇಕಿತ್ತು. ಫ್ರೀಜರಿನಲ್ಲಿ ಉಳಿದ ಇಟ್ಟಿಗೆಗಳನ್ನು ಖಾಲಿ ಮಾಡಬೇಕಲ್ಲ ಎಂದು ವಾರಕ್ಕೊಂದರಂತೆ ಮಾಡಿ ತಿಂದೆ. ಹಾಗೆ ತಿನ್ನುತ್ತಾ ತಿನ್ನುತ್ತಾ ನನಗೆ ಅದರ ಹುಚ್ಚು ಹಿಡಿಯಿತು. ಅಂಗಡಿಯ ಕೋಳಿ ಈಗ ಬಾಯಿಗೆ ಹತ್ತಿಯಂತೆ ಸಪ್ಪೆ. ಕೊನೆಯ ಡಬ್ಬಿ ಮುಗಿದ ದಿನ ತಟ್ಟೆ ಬಳಿದು ನೆಕ್ಕಿದೆ. ಈ ನವೆಂಬರಿನಲ್ಲಿ ವಾಲ್ಟರ್ ಡೇಸಿಯನ್ನು ಕಾರಿಗೆ ಹತ್ತಿಸುವುದನ್ನು ಅಡುಗೆಮನೆಯ ಕಿಟಕಿಯಿಂದ ನೋಡುತ್ತೇನೆ. ಸಿಕ್ಕಿದ್ದನ್ನು ಯಾರೋ ಸ್ನೇಹಿತನಿಗೆ ಕೊಡುತ್ತಾರಂತೆ. ಹೊಟ್ಟೆ ಉರಿಯುತ್ತದೆ. ಅಷ್ಟೆಲ್ಲ ದೂರಿದ ಮೇಲೆ ಯಾವ ಬಾಯಲ್ಲಿ ಕೇಳಲಿ?

ಮೊನ್ನೆ ಬಾಗಿಲು ತಟ್ಟಿದರು. ಕೈಯಲ್ಲಿ ಒಂದು ಚೀಲ. ನನ್ನ ಬಾಯಲ್ಲಿ ಆಗಲೇ ನೀರು. ಅವರು ಹೊರತೆಗೆದದ್ದು ಪ್ಲಾಸ್ಟಿಕ್ ಸುತ್ತಿದ ಸೂಪರ್‌ಮಾರ್ಕೆಟಿನ ಕೋಳಿ. "ಗರಿ ಇಲ್ಲ, ಮೂಳೆ ಇಲ್ಲ, ನಿಮಗೆ ಏನೂ ಕಷ್ಟ ಇಲ್ಲ" ಎಂದರು. ಅವರ ಮುಖದಲ್ಲಿ ಎಂಥ ಸಂತೋಷವಿತ್ತೆಂದರೆ, ನಾನು ಎರಡೂ ಕೈಯಲ್ಲಿ ತೆಗೆದುಕೊಂಡು, "ನನಗೆ ಬೇಕಾಗಿದ್ದದ್ದು ಇದೇ ನೋಡಿ" ಎಂದೆ.