ನಮ್ಮ ನಾಲೆಗೆ ಅಮೆರಿಕದ ನೊಣ

ಹುಟ್ಟಿದಾರಭ್ಯ ನಾನು ಮೀನು ತಿಂದವನಲ್ಲ, ಹಿಡಿದವನೂ ಅಲ್ಲ. ನಮ್ಮದು ಲಿಂಗಪೂಜೆಯ ಮನೆ. ಅಕ್ವೇರಿಯಂ ಇಟ್ಟರೂ ಮಠದ ಸ್ವಾಮಿಗಳು ಪಾದ ಬೆಳೆಸಿದ ದಿನ ಅದಕ್ಕೆ ಟವೆಲ್ ಹೊದಿಸುವಂಥ ಜನ ನಾವು. ಇಂಥ ನಾನು, ಅಮೆರಿಕದ ಹಳ್ಳತೊರೆಗಳಲ್ಲಿ ಸ್ಮಾಲ್‌ಮೌತ್ ಬಾಸ್ ಎಂಬ ಮೀನು ಹಿಡಿಯಲು ಎಂಥ ಕೋಲು ಬೇಕು ಎಂದು ಕೇಳಿದರೆ ಈಗ ಅರ್ಧ ಗಂಟೆ ನಿಲ್ಲಿಸದೆ ಮಾತಾಡಬಲ್ಲೆ. ಅದೂ ಹೇಳಿಕೊಟ್ಟವನ ದನಿಯಲ್ಲೇ. ವಿಷಯ ತಲೆಗೆ ಏರುವ ಮೊದಲೇ ದನಿ ಗಂಟಲಿಗೆ ಇಳಿದುಬಿಡುವುದು ನನ್ನ ಕಾಯಿಲೆ. ಆ ಕಾಯಿಲೆಯಿಂದ ಕಳೆದುಕೊಂಡದ್ದು ಪಕ್ಕದ ಮನೆಯ ಅಂತೋಣಿ ಅಂಕಲ್‌ರನ್ನು. ಅವರನ್ನು ವಾಪಸ್ ಪಡೆಯಲು ಹೋಗಿ ತಂದದ್ದು ಈ ಕೋಲು. ಎರಡು ಪೆದ್ದತನವೂ ನನ್ನವೇ, ಪಾಲುದಾರರಿಲ್ಲ.

ಮೈಸೂರಿನ ಸಿದ್ಧಾರ್ಥನಗರದ ನಮ್ಮ ಬೀದಿಯಲ್ಲಿ ಅಂತೋಣಿ ಅಂಕಲ್ ಭಾನುವಾರ ಚರ್ಚಿಗೆ, ಶನಿವಾರ ನಾಲೆಗೆ. ಬಿದಿರಿನ ಗಾಳ ಕಟ್ಟಿಕೊಂಡು ಸ್ಕೂಟರಿನಲ್ಲಿ ಹೋಗಿ, ಬಂದಮೇಲೆ ಗೇಟಿನ ಹತ್ತಿರ ನಿಂತು ತಪ್ಪಿಸಿಕೊಂಡ ಮೀನಿನ ಉದ್ದವನ್ನು ಎರಡು ಕೈ ಚಾಚಿ ತೋರಿಸುತ್ತಾರೆ. ಪ್ರತಿ ವಾಕ್ಯಕ್ಕೆ ಮೊದಲು ಒಂದು ಕೆಮ್ಮು. ಚಿಕ್ಕಂದಿನಲ್ಲಿ ನಾನು ಕುಕ್ಕರ್ ಕೂಗನ್ನು ಅನುಕರಿಸಿ ಅಮ್ಮನನ್ನು ಅಡುಗೆಮನೆಗೆ ಓಡಿಸಿದಾಗ ಕಾಂಪೌಂಡಿನಾಚೆಯಿಂದ ಚಪ್ಪಾಳೆ ತಟ್ಟಿದವರು ಅವರೊಬ್ಬರೇ. ನನ್ನ ಮೊದಲ ಪ್ರೇಕ್ಷಕರು. ಅದಕ್ಕೆ ನಾನು ತೀರಿಸಿದ ಋಣ ನೋಡಿ: ಬೀದಿಯ ರಾಜ್ಯೋತ್ಸವದ ವೇದಿಕೆಯ ಮೇಲೆ, ಅವರನ್ನೇ ಮುಂದಿನ ಸಾಲಿನಲ್ಲಿ ಕೂರಿಸಿಕೊಂಡು, ಅವರದೇ ದನಿಯಲ್ಲಿ, ಕೆಮ್ಮಿಗೊಂದು ಗೇಣಿನಂತೆ ಮೀನನ್ನು ಬೆಳೆಸುತ್ತಾ ಹೋದೆ. ಕೊನೆಯ ಕೆಮ್ಮಿಗೆ ಬಾಲ ಹಿಡಿಯಲು ಇಬ್ಬರನ್ನು ವೇದಿಕೆಗೆ ಕರೆದೆ. ಜನ ಬಿದ್ದು ಬಿದ್ದು ನಕ್ಕರು. ಅಂಕಲ್ ಎದ್ದು ಹೋದರು. ಆಮೇಲೆ ಮೂರು ತಿಂಗಳು ನನ್ನ ಜೊತೆ ಮಾತಿಲ್ಲ. ಮಾತು ಹಾಳಾಗಲಿ, ಮೀನಿನ ಕಥೆ ಹೇಳುವುದನ್ನೇ ನಿಲ್ಲಿಸಿಬಿಟ್ಟರು. ಶನಿವಾರ ಸ್ಕೂಟರ್ ಬರುತ್ತಿತ್ತು, ಗೇಟು ಹಾಕಿಕೊಳ್ಳುತ್ತಿತ್ತು, ಅಷ್ಟೆ. ನಕ್ಕಿದ್ದ ಬೀದಿಯೇ ಈಗ ನನ್ನನ್ನು ನೋಡಿ, ಪಾಪ ದೊಡ್ಡವರ ಮನಸ್ಸು ನೋಯಿಸಿಬಿಟ್ಟೆಯಲ್ಲಪ್ಪ ಅನ್ನತೊಡಗಿತು. ನಮ್ಮ ಬೀದಿಗೆ ಎರಡು ಬಾಯಿ.

ಅವರಿಗೊಂದು ಒಳ್ಳೆಯ ಗಾಳ ಕೊಟ್ಟು ಕಾಲಿಗೆ ಬೀಳೋಣ ಅಂದುಕೊಂಡೆ. ನಾನು ಹೊಟ್ಟೆಪಾಡಿಗೆ ಗೋಕುಲಂನಲ್ಲಿ ಯೋಗ ಕಲಿಯಲು ಬರುವ ವಿದೇಶಿಯರಿಗೆ ಮಾತಾಡುವ ಕನ್ನಡ ಕಲಿಸುತ್ತೇನೆ. ಅವರಲ್ಲೊಬ್ಬ ಮಾರ್ಕ್. ಮಂಡಿ ನೋವೆಂದು ಯೋಗ ಕಲಿಯಲು ಬಂದು, ಯೋಗದಿಂದ ಸೊಂಟ ನೋವು ಸಂಪಾದಿಸಿ ಊರಿಗೆ ಹೊರಟಿದ್ದವನು. ಒಂದು ಗಾಳ ಬೇಕಿತ್ತು ಎಂದದ್ದೇ ತಡ, ಊರಿನಿಂದ ತಂದಿದ್ದ ಮೂರು ಫ್ಲೈ ರಾಡ್, ಅಂದರೆ ನೊಣ ಕಟ್ಟಿ ಮೀನು ಹಿಡಿಯುವ ಕೋಲು, ಮಂಚದ ಮೇಲೆ ಹರಡಿ, ಒಂದನ್ನು ಆರಿಸಿಕೋ ಎಂದ. ಯಾವ ಮೀನಿಗೆ, ಎಂಥ ನೀರಿಗೆ ಎಂದು ಕೇಳಿದ. ಗೊತ್ತಿಲ್ಲ ಅನ್ನುವುದು ಮೇಷ್ಟ್ರಿಗೆ ಅವಮಾನ. ಅವನ ಬಾಯಿಂದ ದಿನಾ ಕೇಳುತ್ತಿದ್ದ ಒಂದೇ ಮೀನಿನ ಹೆಸರನ್ನು ಅವನದೇ ರಾಗದಲ್ಲಿ ಒದರಿದೆ: ಸ್ಮಾಲ್‌ಮೌತ್ ಬಾಸ್, ಹಳ್ಳದ ನೀರಿಗೆ. ಅದು ಇಲ್ಲಿ ಇದೆಯಾ ಎಂದು ಅವನ ಕಣ್ಣು ತೇವವಾಯಿತು. ಮೇಲುಗಡೆ ಇದೆ ಎಂದೆ. ಯಾವುದರ ಮೇಲುಗಡೆ ಎಂದು ಅವನು ಕೇಳಲಿಲ್ಲ. ಮೈಸೂರಿನಲ್ಲಿ ಹೇಳಿದ್ದನ್ನೆಲ್ಲ ನಂಬಲೆಂದೇ ವಿಮಾನ ಹತ್ತಿ ಬಂದವನು.

ಆಮೇಲೆ ಪಾಠ ಶುರುವಾಯಿತು. ಈ ಕೋಲುಗಳಿಗೆ ನಂಬರು, ಅದಕ್ಕೆ ವೇಯ್ಟ್ ಅನ್ನುತ್ತಾರೆ. ಆದರೆ ಅದು ಕೋಲಿನ ತೂಕವಲ್ಲ, ಎಸೆಯುವ ದಾರದ ತೂಕ. ನಾಲ್ಕರದು ತೀರಾ ಮೆದು, ಬಾಸ್ ಎಳೆದರೆ ನುಗ್ಗೆಕಾಯಿಯಂತೆ ಬಾಗುತ್ತದೆ. ಎಂಟರದು ಸಣ್ಣ ಹಳ್ಳಕ್ಕೆ ದಂಡ. ಆರರದು, ಒಂಬತ್ತಡಿಯದು, ಸರಿ. ಹುಳು ಗಿಳು ಏನೂ ಬೇಡ. ಕೊಕ್ಕೆಗೆ ಗರಿ, ನೂಲು ಸುತ್ತಿ ಮಾಡಿದ ಸುಳ್ಳು ನೊಣ ಸಾಕು. ಹಿಡಿದ ಮೀನನ್ನು ಮುದ್ದಿಸಿ ಮತ್ತೆ ನೀರಿಗೆ ಬಿಡಬೇಕು. ಮಾರ್ಕನ ತೋಳು ಗಾಳಿಯಲ್ಲಿ ಗಡಿಯಾರದ ಹತ್ತರಿಂದ ಎರಡಕ್ಕೆ, ಎರಡರಿಂದ ಹತ್ತಕ್ಕೆ ಆಡಿತು. ನಾನು ಎರಡೇ ಸಲಕ್ಕೆ ಅದನ್ನು ನಕಲು ಮಾಡಿದೆ. ಹುಟ್ಟಾ ಬೆಸ್ತ ನೀನು ಎಂದ.

ಮನೆಯಲ್ಲಿ ಅಮ್ಮ ಕೋಲನ್ನು ಹೊಸಿಲು ದಾಟಲು ಬಿಡಲಿಲ್ಲ. ಮೀನನ್ನು ತಿನ್ನುವುದಿಲ್ಲ, ಬಿಟ್ಟುಬಿಡುತ್ತಾರೆ ಎಂದು ಸಮಾಧಾನ ಹೇಳಿದೆ. "ನೀರಿಗೇ ಬಿಡೋದಾದ್ರೆ ಅದನ್ನ ನೀರಿಂದ ಕರೆದಿದ್ಯಾಕೋ? ತಿನ್ನೋರಿಗೆ ಹಸಿವು ಅನ್ಬೋದು, ನಿಮ್ಗೇನು ರೋಗ?" ಎಂದು ಕೋಲನ್ನು ತಾರಸಿಗೆ ಗಡೀಪಾರು ಮಾಡಿದಳು.

ಕೊಡುವ ಮುಂಚೆ ಅಂಕಲ್‌ಗೆ ಹೇಳಿಕೊಡಲಾದರೂ ಬರಲಿ ಎಂದು ತಾರಸಿಯಲ್ಲೇ ಅಭ್ಯಾಸಕ್ಕೆ ನಿಂತೆ. ಹತ್ತರಿಂದ ಎರಡಕ್ಕೆ, ಎರಡರಿಂದ ಹತ್ತಕ್ಕೆ. ತೋಳು ಥೇಟ್ ಮಾರ್ಕ್. ಆದರೆ ದಾರಕ್ಕೆ ಮಿಮಿಕ್ರಿ ತಿಳಿಯಬೇಕಲ್ಲ? ಅದರ ತುದಿಯ ನೊಣ ನನ್ನ ಕಿವಿ ಸವರಿ ಹಿಂದಕ್ಕೆ ಹಾರಿ, ಪಕ್ಕದ ತಾರಸಿಯಲ್ಲಿ ಒಣಹಾಕಿದ್ದ ಅಂತೋಣಿ ಅಂಕಲ್ ಅವರ ಚರ್ಚಿನ ಬಿಳಿ ಶರ್ಟಿನ ಕಾಲರಿಗೆ ಕಚ್ಚಿಕೊಂಡಿತು. ಗಾಬರಿಯಲ್ಲಿ ಎಳೆದೆ. ಶರ್ಟು ಕ್ಲಿಪ್ಪು ಬಿಚ್ಚಿಕೊಂಡು ಗೋಡೆ ಹಾರಿ ಬಂತು. ಹಿಂದೆಯೇ ಮೆಟ್ಟಿಲಲ್ಲಿ ಕೆಮ್ಮು.

ಅಂಕಲ್ ನಡುಗೋಡೆಯ ಆಚೆ ನಿಂತು ಕೈ ಚಾಚಿದರು. ಶರ್ಟು ಕೊಟ್ಟೆ. ಕಾಲರಿನಿಂದ ನೊಣವನ್ನು ಮೆಲ್ಲಗೆ ಬಿಡಿಸಿ, ಕನ್ನಡಕ ಏರಿಸಿ ನೋಡಿದರು.

"ಏನೋ ಇದು?"

"ನೊಣ, ಅಂಕಲ್. ನಿಜವಾದ್ದಲ್ಲ, ನೊಣದ ಥರ ಮಾಡಿರೋದು. ಮೀನು ಮೋಸ ಹೋಗಿ ಬಾಯಿ ಹಾಕತ್ತಂತೆ."

"ಯಾವ ಮೀನು?"

"ಸ್ಮಾಲ್‌ಮೌತ್ ಬಾಸ್."

"ನಮ್ ನಾಲೇಲಿ ಇದ್ಯಾ?"

"ಇಲ್ಲ ಅಂಕಲ್. ಅಮೆರಿಕದಲ್ಲಿದೆ."

ಇಲ್ಲದ ಮೀನಿಗೆ ತಂದ ಕೋಲನ್ನು ಎರಡೂ ಕೈಯಲ್ಲಿ ಚಾಚಿ ನಿಂತ ನನಗೆ, ಮೊದಲ ಬಾರಿಗೆ, ಯಾರ ದನಿಯೂ ಗಂಟಲಿಗೆ ಬರಲಿಲ್ಲ. ಇದ್ದ ನನ್ನದೇ ಒಡಕು ದನಿಯಲ್ಲಿ, ನಿಮಗೇ ತಂದದ್ದು, ಅವತ್ತು ನನ್ನಿಂದ ತಪ್ಪಾಯಿತು ಎಂದೆ. ಅವರು ಕೋಲನ್ನು ತಕ್ಕೊಳ್ಳಲಿಲ್ಲ. ನೊಣವನ್ನು ನನ್ನ ಅಂಗೈಗೆ ಹಾಕಿ, ಶರ್ಟನ್ನು ಹೆಗಲಿಗೆ ಹಾಕಿಕೊಂಡು, ಕೆಮ್ಮಿ, ಹೇಳಿದರು:

"ಅಣಕಿಸಿದ್ದಕ್ಕೆಲ್ಲ ಬಾಯ್ ಬಿಡೋಕೆ ನಮ್ ಮೀನೇನು ಈ ಬೀದಿ ಜನ ಅಲ್ಲ ಕಣೋ. ಶನಿವಾರ ಬೆಳಿಗ್ಗೆ ಬಾ, ಬಿದಿರಿಂದು ಇನ್ನೊಂದಿದೆ. ಆದ್ರೆ ಅಲ್ಲಿ ಬಾಯಿ ಬಿಡೋದು ಮೀನು ಮಾತ್ರ."