ಎರಡು ಸೀಟು, ಮೂರು ಸೊಂಟ

ಮದುವೆಗೆ ಮುಂಚೆ ನಮ್ಮ ತಂದೆ ಹುಡುಗನ ಬಗ್ಗೆ ಎಲ್ಲ ವಿಚಾರಿಸಿದ್ದರು. ಗೋತ್ರ, ನಕ್ಷತ್ರ, ಸಂಬಳ, ಸಿಗರೇಟು. ಕಾರಿಗೆ ಎಷ್ಟು ಸೀಟು ಎಂದು ಮಾತ್ರ ಕೇಳಲಿಲ್ಲ. ಆ ಒಂದು ಪ್ರಶ್ನೆ ಬಿಟ್ಟುಹೋದದ್ದರ ಫಲವನ್ನು ನಾನೀಗ ಹೈದರಾಬಾದಿನ ನಾರಾಯಣಗೂಡದ ನಮ್ಮ ಮನೆಯ ಗೇಟಿನಲ್ಲಿ, ಕೂಸನ್ನು ಎತ್ತಿಕೊಂಡು ನಿಂತು ಅನುಭವಿಸುತ್ತಿದ್ದೇನೆ.

ನನ್ನ ಗಂಡ ಹೇಮಂತ ನಾಚಾರಂನಲ್ಲಿ ಟ್ರ್ಯಾಕ್ಟರಿಗೆ ರಬ್ಬರ್ ಬುಷ್, ಅಂದರೆ ಗಾಲಿಯ ಪೆಟ್ಟು ತಡೆಯುವ ರಬ್ಬರ್ ಬಳೆ, ತಯಾರಿಸುವ ಕಾರ್ಖಾನೆಯಲ್ಲಿ ಎಂಜಿನಿಯರು. ಅವನಿಗೆ ಬೀಡಿ ಇಲ್ಲ, ಇಸ್ಪೀಟಿಲ್ಲ. ಇರುವ ಚಟ ಒಂದೇ, ಅದು ಕೆಂಪು ಬಣ್ಣದ್ದು. ಎರಡು ಬಾಗಿಲು, ಎರಡೇ ಸೀಟು, ನೆಲದಿಂದ ಒಂದು ಗೇಣು ಎತ್ತರ. ಸ್ಪೋರ್ಟ್ಸ್ ಕಾರು ಎಂದು ಅವನು ಎದೆಯುಬ್ಬಿಸಿ ಹೇಳುತ್ತಾನೆ. ಆಡುವ ವಯಸ್ಸು ಅದಕ್ಕೆ ಯಾವಾಗಲೋ ಮುಗಿದಿದೆ. ನಾನು ಶಾಲೆಯಲ್ಲಿ ಎರಡು ಜಡೆ ಹಾಕಿಕೊಳ್ಳುತ್ತಿದ್ದ ಕಾಲಕ್ಕೆ ಹುಟ್ಟಿ, ಮೂರು ಮಾಲೀಕರ ಮನೆ ಬಾಳಿ, ನಾಲ್ಕನೆಯವನಾಗಿ ನನ್ನ ಗಂಡನನ್ನು ವರಿಸಿದ ಕಾರು ಅದು. (ನಾನು ಐದನೆಯವಳಾಗಿ ಬಂದೆ.)

ಅದನ್ನು ಕೊಂಡ ದಿನ, ಅಂದರೆ ನನ್ನ ಮದುವೆಗೆ ಮುಂಚೆ, ಗಾಲಿಗೆ ನಿಂಬೆಹಣ್ಣು ಇಟ್ಟು ಅತ್ತೆ ತುಳಸಾಬಾಯಿಯವರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಗುಡಿಗೆ ಹೊರಟಿದ್ದನಂತೆ. ಮೊದಲ ಸ್ಪೀಡ್ ಬ್ರೇಕರಿನಲ್ಲಿ ಅತ್ತೆಯ ತಲೆ ಮೇಲಿನ ಛತ್ತಿಗೆ, ಸೊಂಟ ಕೆಳಗಿನ ತಗಡಿಗೆ. "ಏ ಹೇಮ್ಯಾ, ಇದು ಕಾರಲ್ಲೋ, ಖಾರಾ ಕುಟ್ಟೋ ಒಳ್ಳು! ಇಳಸು ನನ್ನ!" ಎಂದು ಅಲ್ಲೇ ಇಳಿದು, ಪೂಜೆಯ ತಟ್ಟೆ ಹಿಡಿದು ನಡೆದೇ ಮನೆಗೆ ಬಂದರಂತೆ. ಅಂದಿನಿಂದ ಅವರು ಆ ಕಾರಿನ ಕಡೆ ತಿರುಗಿ ನೋಡಿದವರಲ್ಲ. ಆಟೋ ಅಂದರೂ ಅವರ ಸೊಂಟ ಕೇಳುವುದಿಲ್ಲ. ಬಾಡಿಗೆ ಕಾರು ಕರೆಯೋಣವೆಂದರೆ, "ಯಾರ್‍ಯಾರೋ ಕೂತೆದ್ದ ಸೀಟಿನ್ಯಾಗ ಕೂತು ದೇವರ ಹಾಡು ಹಾಡ್ಲಿಕ್ಕೆ ಹೋಗ್ಲೇನು?" ಹೀಗಾಗಿ ಕಾಚಿಗೂಡದಲ್ಲಿ ಪ್ರತಿ ಭಾನುವಾರ ಸಂಜೆ ಕೂಡುವ ಅವರ ಭಜನಾ ಮಂಡಳಿ ಕೂಡ ಬಿಟ್ಟುಹೋಗಿ, ಅವರು ಮನೆಯಲ್ಲೇ ಇರುತ್ತಿದ್ದರು.

ಇದರಿಂದ ನನಗಾದ ಲಾಭವನ್ನು ಹೇಳಿಬಿಡುತ್ತೇನೆ. ನಮ್ಮ ಸಂಪದಾ ಹುಟ್ಟಿ ವರ್ಷ ತುಂಬುತ್ತ ಬಂತು. ಈ ಅವಧಿಯಲ್ಲಿ ನಾನು ಮನೆಯಲ್ಲಿ ಒಂದು ಲೋಟ ಚಹಾವನ್ನು ಬಿಸಿಯಾಗಿ ಕುಡಿದವಳಲ್ಲ. ಕೂಸು ಅತ್ತರೆ ಯಾಕೆ ಅತ್ತಿತು ಎಂದು ಚಿಂತೆ, ಅಳದಿದ್ದರೆ ಯಾಕೆ ಅಳುತ್ತಿಲ್ಲ ಎಂದು ಚಿಂತೆ. ಅಂಥವಳಿಗೆ ವಾರಕ್ಕೊಮ್ಮೆ ಸಿಗುತ್ತಿದ್ದ ಮೋಕ್ಷವೇ ಭಾನುವಾರ ಸಂಜೆಯ ಒಂದು ತಾಸು. ಅತ್ತೆ ಕೂಸನ್ನು ಇಟ್ಟುಕೊಳ್ಳುವುದು, ನಾನೂ ಹೇಮಂತನೂ ಕೆಂಪು ರಥವೇರಿ ನೆಕ್ಲೆಸ್ ರೋಡಿನತ್ತ ಹೋಗುವುದು, ಯಾವುದಾದರೂ ಇರಾನಿ ಹೋಟೆಲಿನ ಮುಂದೆ ನಿಲ್ಲಿಸಿ ಬಿಸಿ ಚಹಾ ಕುಡಿಯುವುದು. ಇಷ್ಟೇ. ವಾರದ ಉಳಿದ ದಿನಗಳನ್ನು ನಾನು ಆ ಒಂದು ತಾಸಿಗಾಗಿ ಬದುಕುತ್ತಿದ್ದೆ.

ಆದರೆ ಆ ತಾಸಿನಲ್ಲೂ ನೆಮ್ಮದಿ ಎಲ್ಲಿ? ಕುಲುಕಾಟ ತಡೆಯಬೇಕಾದ ಕಾರಿನ ಸಸ್ಪೆನ್ಷನ್ ಸತ್ತು ಸುಣ್ಣವಾಗಿತ್ತು. ಕೇಬಲ್ಲಿನವರು ಅಗೆದು ಬಿಟ್ಟ ಒಂದೊಂದು ಗುಂಡಿಯನ್ನೂ ಅದು ನನ್ನ ಬೆನ್ನುಮೂಳೆಗೆ ಹೆಸರು ಹೇಳಿ ಪರಿಚಯಿಸುತ್ತಿತ್ತು. ಮುಂದಿನ ಎಡಗಾಲಿಯಿಂದ 'ಟಕ್', ಹಿಂದಿನ ಬಲಗಾಲಿಯಿಂದ 'ಕಿರ್', ತಿರುವಿನಲ್ಲಿ ಇಡೀ ಕಾರು ಬಾಣಂತಿಯ ಹಾಗೆ ಒಂದು ಮಗ್ಗುಲಿಗೆ ನಿಧಾನವಾಗಿ ಒರಗಿಕೊಳ್ಳುವುದು.

"ಅಲ್ರಿ, ಈಗ ಟಕ್ ಅಂತಲ್ಲ, ಅದು ಗಾಲಿ ಕಳಚೋ ಸಪ್ಪಳಲ್ಲೇನು?"

"ಗಾಲಿ ಕಳಚಿದ್ರ ಟಕ್ ಅನ್ನಂಗಿಲ್ಲ, ಪ್ರಿಯಾ. ಅದು ನಮ್ಮನ್ನ ಓವರ್‌ಟೇಕ್ ಮಾಡಿ ಮುಂದ ಹೋಗ್ತದ."

"ಚ್ಯಾಷ್ಟಿ ಮಾಡಬ್ಯಾಡ್ರಿ! ಇಬ್ಬರೂ ಒಮ್ಮೆಲೇ ಹೋದ್ರ ಕೂಸಿನ ಗತಿ ಏನು? ರಿಪೇರಿ ಮಾಡಿಸ್ರಿ."

"ಹಳೇ ಗಾಡಿ. ಪಾರ್ಟ್ ಸಿಗಂಗಿಲ್ಲ."

ಮದುವೆಯಾದಾಗಿನಿಂದ ಇದೇ ಉತ್ತರ. ಬಣ್ಣ ಹೊಡೆಸಿದ, ಸೀಟಿನ ಕವರು ಬದಲಿಸಿದ, ಹಾರ್ನು ಕೂಡ ಹೊಸದು ಹಾಕಿಸಿದ. ಸಸ್ಪೆನ್ಷನ್ ಎಂದರೆ ಮಾತ್ರ ಪಾರ್ಟ್ ಸಿಗುವುದಿಲ್ಲ. ರಬ್ಬರ್ ಬುಷ್ ಮಾಡುವ ಕಾರ್ಖಾನೆಯ ಎಂಜಿನಿಯರಿಗೆ ರಬ್ಬರ್ ಬುಷ್ ಸಿಗುವುದಿಲ್ಲ! ಇಂಥ ಸೋಮಾರಿಯನ್ನು ಕಟ್ಟಿಕೊಂಡೆನಲ್ಲ ಎಂದು ನಾನು ಹಣೆ ಬಡಿದುಕೊಂಡೆ.

ಕೊನೆಗೆ ನಾನೇ ಕಾರ್ಯಾಚರಣೆಗೆ ಇಳಿದೆ. ಹೇಮಂತನ ಗೆಳೆಯ ವಿಶ್ವಜಿತ್ ವಾರವಿಡೀ ಬ್ಯಾಂಕಿನಲ್ಲಿ ಕೂತು, ರಜೆ ಬಂತೆಂದರೆ ತನ್ನ ಮನೆಯ ಶೆಡ್ಡಿನಲ್ಲಿ ಹಳೇ ಕಾರುಗಳ ಕೆಳಗೆ ಮಲಗುವ ಪ್ರಾಣಿ. ಒಂದು ದಿನ ಮನೆಗೆ ಬಂದವನನ್ನು ಹಿಡಿದು ಕೇಳಿದೆ. ಅವನು ಕಾರಿನ ಮುಂದಿನ ಮೂಲೆಯನ್ನು ಕೈಯಿಂದ ಒತ್ತಿ ಬಿಟ್ಟ. ಒಳ್ಳೆಯ ಕಾರಾದರೆ ಒಮ್ಮೆ ಮೇಲೆದ್ದು ಸುಮ್ಮನಾಗಬೇಕಂತೆ. ನಮ್ಮದು ಹೌದು ಹೌದು ಹೌದು ಎಂದು ತಲೆಯಾಡಿಸುತ್ತಲೇ ಇತ್ತು.

"ನೋಡ್ರಿ ವೈನಿ, ನಿಮ್ಮ ಮಾತಿಗೆ ಗಾಡೀನೂ ಒಪ್ಕೊಂಡದ. ಶಾಕಪ್ಸರ್ ನಾಲ್ಕೂ ಹೋಗ್ಯಾವ, ಎಣ್ಣಿ ಸೋರ್‍ಲಿಕ್ಕತ್ತಾವ. ಸ್ಪ್ರಿಂಗ್ ಕುಸದಾವ. ಬುಷ್ ಅಂತೂ ಹೋಳಿಗಿ ಹೂರಣ ಆಗ್ಯಾವ."

"ಪಾರ್ಟ್ ಸಿಗ್ತಾವೇನು?"

"ಯಾಕ ಸಿಗಂಗಿಲ್ಲ? ಬೆಂಗಳೂರಿಂದ ತರಸ್ತೀನಿ, ಕಾಚಿಗೂಡಕ್ಕ ರೈಲಿಗೇ ಬರ್ತಾವ. ಬುಷ್ ಇವನ ಕಾರ್ಖಾನ್ಯಾಗ ಮಾಡಿಸಿದ್ರಾತು."

ಇನ್ನು ಉಳಿದದ್ದು ಗಂಡನ ಒಪ್ಪಿಗೆ. ಇಲ್ಲಿ ನನಗೊಂದು ದಿವ್ಯ ಉಪಾಯ ಹೊಳೆಯಿತು. (ಓದುಗರು ಇಲ್ಲಿ ಒಂದು ನಿಟ್ಟುಸಿರು ಬಿಡಬಹುದು.) ನನ್ನ ಸೊಂಟದ ಹೆಸರು ಹೇಳಿದರೆ ಅವನು ಕೇಳುವುದಿಲ್ಲ. ತಾಯಿಯ ಸೊಂಟದ ಹೆಸರು ಹೇಳಿದರೆ? ಅದೂ ತಾಯಿಯ ಎದುರಿಗೇ?

ಬದನೆಕಾಯಿ ಎಣ್ಣೆಗಾಯಿ ಮಾಡಿದ ದಿನವನ್ನೇ ಆರಿಸಿಕೊಂಡೆ. ಎಲ್ಲರೂ ಊಟಕ್ಕೆ ಕೂತಾಗ, ಅತ್ತೆಯ ರೊಟ್ಟಿಯ ಮೇಲೆ ಬೆಣ್ಣೆ ಹಾಕುತ್ತ, ದನಿಯಲ್ಲೂ ಅಷ್ಟೇ ಬೆಣ್ಣೆ ಹಾಕಿ ಶುರು ಮಾಡಿದೆ.

"ಅಲ್ರಿ, ನಿಮಗ ಒಂದಿಷ್ಟಾದ್ರೂ ಕರುಳು ಅದನೋ ಇಲ್ಲೋ? ಮನಿ ಮುಂದ ಕಾರು ಇದ್ದೂ ಅತ್ಯಾಗ ಕೂಡ್ಲಿಕ್ಕೆ ಆಗವಲ್ದು. ಪಾಪ, ಆ ಸೊಂಟ ಹಿಡ್ಕೊಂಡು ಮಂಡಳಿ ಸುದ್ದಾ ಬಿಟ್ಟು ಕೂತಾರ. ಸಸ್ಪೆನ್ಷನ್ ಛಲೋ ಮಾಡಿಸಿದ್ರ ಅವರೂ ಆರಾಮಾಗಿ ಓಡ್ಯಾಡ್ತಾರ."

ಹೇಮಂತ ನನ್ನ ಕಡೆ ನೋಡಿದ. ಹುಬ್ಬು ಮೇಲೆ ಹೋಯಿತು, ಕೆಳಗೆ ಬಂತು. ಟೇಬಲ್ಲಿನ ಕೆಳಗೆ ನನ್ನ ಕಾಲಿಗೆ ಮೆಲ್ಲಗೆ ಏನೋ ತಾಗಿತು. ಆಮೇಲೆ ಜೋರಾಗಿ ತಾಗಿತು.

"ಯಾಕ ಒದೀತೀರಿ? ಅತ್ಯಾ, ನೋಡ್ರಿ, ನಿಮ್ಮ ಸುದ್ದಿ ತಗದ್ರ ನಿಮ್ಮ ಮಗ ಒದೀತಾರ!"

ಅತ್ತೆ ಕೈಯಲ್ಲಿದ್ದ ತುತ್ತು ಕೆಳಗಿಟ್ಟರು. ಕಣ್ಣಲ್ಲಿ ನೀರು. "ಹಡದ ಮಗಗ ಹೊಳೀಲಿಲ್ಲ. ಬಂದ ಸೊಸಿಗೆ ಹೊಳೀತು" ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು. ಹೇಮಂತ ಬದನೆಕಾಯಿಯನ್ನು ತೊಟ್ಟು ಸಹಿತ ನುಂಗಿ, "ಆತು, ಮಾಡಸ್ತೀನಿ" ಎಂದ. ನಾನು ದಿಗ್ವಿಜಯ ಮುಗಿಸಿ ಬಂದ ಚಕ್ರವರ್ತಿನಿಯ ಹಾಗೆ ಮಜ್ಜಿಗೆ ಬಡಿಸಿದೆ.

ವಿಶ್ವಜಿತ್ ಎರಡು ವಾರಾಂತ್ಯ ಕಾರನ್ನು ತನ್ನ ಶೆಡ್ಡಿನಲ್ಲಿ ಇಟ್ಟುಕೊಂಡ. ಹೊಸ ಶಾಕಪ್ಸರ್, ಹೊಸ ಸ್ಪ್ರಿಂಗು, ನಾಚಾರಂನ ತಾಜಾ ರಬ್ಬರಿನ ಬುಷ್ಷು. ಆ ಎರಡು ಭಾನುವಾರ ನಾನು ಮನೆಯಲ್ಲೇ ಕೂತು, ಮುಂದಿನ ಭಾನುವಾರಗಳ ಸುಖವನ್ನು ನೆನೆದು ತಣ್ಣನೆಯ ಚಹಾ ಕುಡಿದೆ. ಕಾರು ತಿರುಗಿ ಬಂದಾಗ ನನಗೆ ಗುರುತೇ ಸಿಗಲಿಲ್ಲ. ಗಲ್ಲಿಯ ಸ್ಪೀಡ್ ಬ್ರೇಕರನ್ನು ಅದು ಹತ್ತಿ ಇಳಿದದ್ದು ಬೆಕ್ಕು ಅಡುಗೆಮನೆ ಕಿಟಕಿ ಇಳಿದಷ್ಟು ಸದ್ದಿಲ್ಲದೆ! ನಾನು ಚಪ್ಪಾಳೆ ತಟ್ಟಿದೆ. ಅದು ಭಾನುವಾರ, ಸಂಜೆ. ತಲೆ ಬಾಚಿಕೊಂಡು, ನೀಲಿ ಕುರ್ತಾ ಹಾಕಿಕೊಂಡು, ಅತ್ತೆಯ ಕೈಗೆ ಕೂಸನ್ನು ಕೊಡೋಣವೆಂದು ಹೊರಗೆ ಬಂದೆ.

ಅತ್ತೆ ಇಳಕಲ್ ಸೀರೆ ಉಟ್ಟು, ಮೊಗ್ಗಿನ ದಂಡೆ ಮುಡಿದು, ತಾಳದ ಚೀಲ ಹಿಡಿದು ಕಾರಿನಲ್ಲಿ ಕೂತಿದ್ದರು. ನನ್ನ ಸೀಟಿನಲ್ಲಿ.

"ಪ್ರಿಯಂವದಾ, ನೀ ನೂರ ವರ್ಷ ಬಾಳು ನನ್ನವ್ವ. ಮಂಡಳಿಗೆ ಹೋಗಿ ಬರ್ತೀನಿ. ಕೂಸಿಗೆ ದೃಷ್ಟಿ ತಗೀ, ಹೊಸಲಿ ಮ್ಯಾಲ ನಿಂದರಬ್ಯಾಡ."

ಕಾರು ಹೋಯಿತು. ಸದ್ದೇ ಇಲ್ಲದೆ ಹೋಯಿತು. ನಾನು ನೀಲಿ ಕುರ್ತಾದಲ್ಲಿ, ಸಂಪದಾ ನನ್ನ ಹೆಗಲ ಮೇಲೆ.

ಇರಲಿ, ಒಂದು ಭಾನುವಾರ ತಾನೇ, ಹಿರಿಯರು, ಎಂದುಕೊಂಡೆ. ಮರುವಾರ ಮಂಡಳಿಯಲ್ಲಿ ಯಾರದೋ ಅರಿಶಿನ ಕುಂಕುಮ. ಅದರ ಮರುವಾರ ಮಂಡಳಿಯ ಕಾಶಿನಾಥರಾಯರ ಮೊಮ್ಮಗನಿಗೆ ಮೊದಲ ಕೂದಲು ತೆಗೆಸುವ ಜಾವಳ. ಆಮೇಲೆ ಶ್ರಾವಣ ಬಂತು. ಶ್ರಾವಣದ ಅತ್ತೆಯನ್ನು ತಡೆಯುವ ಸಸ್ಪೆನ್ಷನ್ನು ಇನ್ನೂ ಹುಟ್ಟಿಲ್ಲ. ಎರಡು ಸೀಟಿನ ಕಾರಿನ ಕ್ರೌರ್ಯ ನೋಡಿ: ಅತ್ತೆ ಹೋದರೆಂದರೆ ನನ್ನ ಸೀಟೂ ಹೋಯಿತು, ಕೂಸು ನೋಡಿಕೊಳ್ಳುವವರೂ ಹೋದರು. ಒಂದೇ ಪೆಟ್ಟಿಗೆ ಎರಡು ಆಸ್ತಿ ಜಪ್ತಿ!

ಒಮ್ಮೆ ಧೈರ್ಯ ಮಾಡಿ ಕೇಳಿದೆ. "ಅತ್ಯಾ, ಸೀಟು ಭಾಳ ಕೆಳಗ ಅದ. ಹತ್ತಿ ಇಳಿದು ಮಾಡಿದ್ರ ಸೊಂಟಕ್ಕ ತ್ರಾಸ ಆಗಂಗಿಲ್ಲೇನು?"

"ಇಲ್ಲವಾ, ಅದ ನಂಗ ವ್ಯಾಯಾಮ ಆಗೇದ. ಈಗ ನನ್ನ ಸೊಂಟ ಗುಂಡಿನ್ಹಂಗ ಅದ. ಎಲ್ಲಾ ನಿನ್ನ ಪುಣ್ಯಾ!"

ಸೊಂಟ ಗುಣವಾಗಿದ್ದರೆ ಆಟೋದಲ್ಲಿ ಹೋಗಬಹುದಲ್ಲ ಎಂದು ಬಾಯಿಯ ತುದಿಗೆ ಬಂದದ್ದನ್ನು ನುಂಗಿದೆ. ನುಂಗದೆ ಏನು ಮಾಡಲಿ? ಅಷ್ಟು ಹೊತ್ತಿಗೆ ನನ್ನ ಕೀರ್ತಿ ಕಾಚಿಗೂಡದ ತುಂಬ ಹರಡಿತ್ತು. ಅತ್ತೆಯ ಸೊಂಟಕ್ಕಾಗಿ ಗಂಡನೊಂದಿಗೆ ಕಾದಾಡಿ, ಅವನ ಕೈಯಲ್ಲಿ (ಕಾಲಲ್ಲಿ) ಪೆಟ್ಟು ತಿಂದು, ಕಾರು ರಿಪೇರಿ ಮಾಡಿಸಿದ ಸೊಸೆ! ಮಂಡಳಿಯವರು ನನಗೆ ರವಿಕೆ ಕಣ ಕಳಿಸಿದರು. ಮಹಡಿಯ ಮೇಲಿನ ಮನೆಯ ಸೂಗಮ್ಮನವರು ಕೆಳಗಿಳಿದು ಬಂದು ನನ್ನ ಗದ್ದ ಹಿಡಿದು, "ನಿನ್ನಂಥಾ ಸೊಸಿ ಈ ಹೈದ್ರಾಬಾದದಾಗ ಎಲ್ಲೈತಿ ಯವ್ವಾ?" ಎಂದರು. ನಾನು ನಾಚಿದೆ. ನಾಚಿ ಮುಗಿಯುವಷ್ಟರಲ್ಲಿ ತಮ್ಮ ಮೊಮ್ಮಗನನ್ನು ನನ್ನ ಇನ್ನೊಂದು ತೋಳಿಗೆ ಕೊಟ್ಟರು. "ನಾನೂ ಒಂದೀಟು ಪ್ಯಾಟಿಗೆ ಹೋಗಿ ಬರ್ತೀನಿ. ಹೆಂಗೂ ಆಯ್ತಾರ ನೀ ಮನ್ಯಾಗ ಇರ್ತೀಯಲ್ಲ!"

ಆ ಸಂಜೆ ಹೇಮಂತ ತಿರುಗಿ ಬಂದಾಗ ಎರಡು ಕೂಸುಗಳೂ ಅಳುತ್ತಿದ್ದವು. ಮೂರನೆಯವಳು ಅಳುವುದಷ್ಟೇ ಬಾಕಿ. ಅತ್ತೆ ಒಳಗೆ ಹೋದದ್ದೇ ತಡ, ಅವನನ್ನು ಗೇಟಿನ ಬಳಿ ಹಿಡಿದೆ.

"ರಿ, ಆ ಹಳೇ ಶಾಕಪ್ಸರ್ ಎಲ್ಲಿ ಅವ? ಮತ್ತ ಹಾಕ್ಸಿಬಿಡ್ರಿ."

"ಯಾಕ? ಗಾಲಿ ಕಳಚತಾವ ಅಂತಿದ್ದೆಲ್ಲ?"

"ಕಳಚಲಿ! ನಂಗ ನನ್ನ ಸೀಟು ಬೇಕು!"

ಹೇಮಂತ ಬಾನೆಟ್ಟಿಗೆ ಒರಗಿ ನಿಂತ. ಕಾರು ಒಮ್ಮೆ ಕುಸಿದು, ಎದ್ದು, ಸಭ್ಯವಾಗಿ ಸುಮ್ಮನಾಯಿತು.

"ಪ್ರಿಯಾ, ನಾ ರಬ್ಬರ್ ಎಂಜಿನಿಯರ್. ಬುಷ್ ಸಿಗಂಗಿಲ್ಲ ಅಂತ ಇಷ್ಟು ದಿನ ಸುಮ್ಮನ ಹೇಳ್ತಿದ್ನೇನು? ಎರಡೇ ಸೀಟು ಅವ. ಗಾಡಿ ಆರಾಮಾತು ಅಂದ್ರ ಅವ್ವ ಬಂದು ಕೂಡ್ತಾಳ, ನೀ ಮನ್ಯಾಗ ಕೂಡ್ತೀ ಅಂತ ನಂಗ ಗೊತ್ತಿತ್ತು. ಅದಕ್ಕ ನಾನೂ ಸೊಂಟಾ ಮುರ್ಕೊಂಡು ಓಡಸ್ತಿದ್ದೆ."

ಇಷ್ಟು ದಿನ ನಾನು ಸೋಮಾರಿತನ ಎಂದು ಬೈದದ್ದು ಪ್ರೇಮವಾಗಿತ್ತು! ಗುಂಡಿ ಗುಂಡಿಗೂ ಟಕ್ ಎನ್ನುತ್ತಿದ್ದದ್ದು ನನ್ನ ಸೀಟಿನ ಕಾವಲುಗಾರ!

"ಮತ್ತ ಅವತ್ತೇ ಹೇಳ್ಬಾರದೇನ್ರಿ?" ಎಂದೆ.

"ಹೇಳಿದ್ನೆಲ್ಲ. ಕಾಲಿಲೆ."

ಮಾರನೆಯ ದಿನ ಅವನು ಕೆಲಸಕ್ಕೆ ಹೋದಮೇಲೆ ವಿಶ್ವಜಿತ್‌ಗೆ ಫೋನು ಮಾಡಿದೆ. ಹಳೆಯವನ್ನೆಲ್ಲ ಅವನು ಎಂದೋ ಗುಜರಿಗೆ ಹಾಕಿಯಾಗಿತ್ತು. ಈಗ ಹಾಕಿದ್ದು ಯಾವಾಗ ಕೆಡಬಹುದು ಎಂದು ಅಂಜುತ್ತಲೇ ಕೇಳಿದೆ. ನನ್ನ ಆತಂಕ ಅವನಿಗೆ ಬೇರೆ ರೀತಿ ಕೇಳಿಸಿತು.

"ನೀವು ಚಿಂತೀನ ಬಿಡ್ರಿ ವೈನಿ! ನಾ ಗ್ಯಾರಂಟಿ. ಇನ್ನ ಹತ್ತು ವರ್ಷ ಅದಕ್ಕ ಏನೂ ಆಗಂಗಿಲ್ಲ."

ಹತ್ತು ವರ್ಷ! ಫೋನು ಇಟ್ಟು ಕಿಟಕಿಯ ಹತ್ತಿರ ಹೋದೆ. ಅಷ್ಟು ಹೊತ್ತಿಗೆ ಅತ್ತೆಗೆ ಎಂಬತ್ತಾಗುತ್ತ ಬಂದಿರುತ್ತದೆ. ಆಗಲಾದರೂ ಅವರಿಗೆ ತಿರುಗಾಟ ಸಾಕೆನಿಸಬಹುದು, ನೀಲಿ ಕುರ್ತಾ ಅಷ್ಟರೊಳಗೆ ನನಗೆ ಬಿಗಿಯಾದರೂ ಇನ್ನೊಂದು ಹೊಲಿಸಿಕೊಂಡರಾಯಿತು, ಎಂದು ನನ್ನ ಮನಸ್ಸನ್ನು ನಾನೇ ಸಂತೈಸಿಕೊಂಡೆ. ಸೊಂಟದ ಮೇಲಿದ್ದ ಸಂಪದಾ ಆಗಲೇ ಒಂದು ಕೈಯಲ್ಲಿ ಕಿಟಕಿಯ ಸರಳು ಹಿಡಿದು, ಖಾಲಿ ಗೇಟಿನತ್ತ ಇನ್ನೊಂದು ಕೈ ಚಾಚಿ ಕುಣಿಯತೊಡಗಿದಳು. ಮೂರು ತಿಂಗಳ ಭಾನುವಾರಗಳಲ್ಲಿ ನನ್ನ ಮಗಳು ಕಲಿತ ಮೊಟ್ಟಮೊದಲ ಮಾತು ಅವ್ವ ಅಲ್ಲ, ಅಪ್ಪ ಅಲ್ಲ.

"ಕಾ... ಕಾ... ಕಾರು!"

ಹತ್ತು ವರ್ಷಕ್ಕೆ ಇವಳು ಹನ್ನೊಂದರವಳು. ಆ ಸೀಟಿಗೆ ಅತ್ತೆಯ ನಂತರದ ವಾರಸುದಾರಳು ಯಾರು ಎಂದು ಇನ್ನು ನಾನು ಬಿಡಿಸಿ ಹೇಳಬೇಕೇ?